ಶಾಸನಶೋಧನೆಯ ಹೊಸ ಉಪಕರಣಗಳು: ಒಂದು ಹಳ್ಳಿಯ ಹೆಸರಿನ ನಿಮಿತ್ತವಾಗಿ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಹೆಸರನ್ನು ಗಣಕಯಂತ್ರದಲ್ಲಿ ಹುಡುಕಹೊರಟವನು ಆ ಹೆಸರನ್ನು ಎಷ್ಟು ಬಗೆಯಾಗಿ ಬರೆಯಬಹುದೆಂಬುದನ್ನು ಮೊದಲು ಎಣಿಸಿಕೊಳ್ಳಬೇಕಾಗುತ್ತದೆ. ‘ಡೇ’ ಎಂಬುದು ದೀರ್ಘವಾಗಿ ಒಂದು ರೂಪ, ಹ್ರಸ್ವವಾಗಿ ಮತ್ತೊಂದು, ‘ಗುಡೇಮಾರನ’ ‘ಹಳ್ಳಿ’ ಎಂದು ಬಿಡಿಸಿ ಬರೆದುದು ಇನ್ನೊಂದು, ರೋಮನ್ ಲಿಪಿಯಲ್ಲಿ ರಕಾರದ ಮುಂದಣ ಅಕಾರವನ್ನು ಇಟ್ಟು ಬರೆದುದೊಂದು, ಬಿಟ್ಟು ಬರೆದುದೊಂದು. ಓದುವ ಮನುಷ್ಯನಿಗೆ ಇವೆಲ್ಲವೂ ಒಂದೇ ಊರು. ಯಂತ್ರಕ್ಕಾದರೋ ಐದು ಊರುಗಳು. ಒಂದನ್ನು ಕೇಳಿದವನಿಗೆ ಅದು ಉಳಿದ ನಾಲ್ಕನ್ನು ತಾನಾಗಿ ತೋರಿಸಿಕೊಡುವುದೆಂದು ನಂಬುವಂತಿಲ್ಲ. ‘ಇಲ್ಲ’ ಎಂಬ ಉತ್ತರವೊಂದು ಕ್ಷಣಮಾತ್ರದಲ್ಲಿ ಬರುತ್ತದೆ. ಆ ‘ಇಲ್ಲ’ಕ್ಕೆ ಇತಿಹಾಸಕಾರನು ಎಷ್ಟು ಬೆಲೆ ಕೊಡಬೇಕೆಂಬುದೇ ಪ್ರಕೃತ ಲೇಖನದ ವಿಚಾರ.

ನಮ್ಮ ನಾಡಿನ ಶಾಸನಶೋಧನೆಗೆ ಹೊಸ ಉಪಕರಣವೆಂಬುದು ಹೊಸ ಸಂಗತಿಯಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿಯ ಕೈಕೆಳಗಣ ಪಂಡಿತರು ಶಾಸನಗಳನ್ನು ಕಣ್ಣಿನಿಂದ ಓದಿ ಕೈಯಿಂದ ಪ್ರತಿಮಾಡಿದರು. 1865ರಲ್ಲಿ ಮೇಜರ್ ಡಿಕ್ಸನ್ ಎಂಬವರು ನೂರಕ್ಕೂ ಮಿಕ್ಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಆ ಚಿತ್ರಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಬಿ. ಎಲ್. ರೈಸ್ ಸಾಹೇಬರು 1879ರಲ್ಲಿ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದವನ್ನು ಅಚ್ಚುಹಾಕಿಸಿದರು. ಛಾಯಾಚಿತ್ರವು ಬಂದುದರಿಂದ ಕಲ್ಲಿನ ಬಳಿಗೆ ಹೋಗಬೇಕಾದ ಶ್ರಮವು ತಪ್ಪಿತೆಂದು ಆಗ ಯಾರಾದರೂ ಭಾವಿಸಿದ್ದರೆ ಅದು ಆಶ್ಚರ್ಯವಲ್ಲ. ಆದರೆ ನಡೆದುದು ಬೇರೆ. ರೈಸ್ ಸಾಹೇಬರು ಮುಂದೆ ಊರೂರಿನ ಶಾಸನಗಳನ್ನು ಮೂಲದಿಂದಲೇ ಸಂಗ್ರಹಿಸಲು ತೊಡಗಿದರು. 1886ರಲ್ಲಿ ಕೊಡಗಿನ ಸಂಪುಟದಿಂದ ಮೊದಲಾದ ‘ಎಪಿಗ್ರಾಫಿಯ ಕರ್ಣಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳು ಬೆಳಕಿಗೆ ಬಂದುವು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟವು ಅಚ್ಚಾದುದು 1905ರಲ್ಲಿ. ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿಗಳ ಶಾಸನಗಳು ಇರುವುದು ಇದರಲ್ಲಿಯೇ.

ಈ ಸಂಪುಟದ ಪುಟಗಳ ಪ್ರತಿಬಿಂಬವು ಇಂದು ಯಾರ ಮೇಜಿನ ಮೇಲಾದರೂ ದೊರೆಯುತ್ತದೆ. ಚಿತ್ರವನ್ನು ಅಕ್ಷರವಾಗಿ ಮಾರ್ಪಡಿಸುವ ತಂತ್ರಾಂಶವೂ ಇದೆ. ಆದರೆ ರೈಸ್ ಸಾಹೇಬರು ಪ್ರತಿಯೊಂದು ಶಾಸನವನ್ನೂ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ ಕೊಟ್ಟಿರುವರಷ್ಟೆ. ತಂತ್ರಾಂಶವು ಇಂಗ್ಲಿಷ್ ಭಾಗವನ್ನು ಬಹುಮಟ್ಟಿಗೆ ಸರಿಯಾಗಿ ಓದುತ್ತದೆ. ಅಕ್ಷರಗಳ ಮೇಲೆ ಕೆಳಗೆ ಗೆರೆ ಚುಕ್ಕೆಗಳುಳ್ಳ ರೋಮನ್ ಭಾಗದಲ್ಲಿ ಎಡವುತ್ತದೆ. ಒತ್ತಕ್ಷರಗಳು ತುಂಬಿದ ಹಳೆಯ ಅಚ್ಚಿನ ಕನ್ನಡದಲ್ಲಿ ದಾರಿಯೇ ತಪ್ಪುತ್ತದೆ. ಇದರಿಂದಾಗುವ ಅನರ್ಥವು ಸೂಕ್ಷ್ಮವಾದುದು: ಹುಡುಕುವವನು ಶಾಸನವನ್ನು ಹುಡುಕಿದೆನೆಂದು ತಿಳಿಯುತ್ತಾನೆ, ನಿಜವಾಗಿ ಹುಡುಕಿದುದು ಅನುವಾದವನ್ನು.

ಊರು ಮಾತ್ರವಲ್ಲ, ಜಿಲ್ಲೆಯ ಹೆಸರೂ ನಿಂತಲ್ಲಿ ನಿಂತಿಲ್ಲ. ರೈಸ್ ಸಾಹೇಬರ ಕಾಲಕ್ಕೆ ಬೆಂಗಳೂರು ಜಿಲ್ಲೆಯಲ್ಲಿದ್ದ ಮಾಗಡಿಯು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಿಡುವ ನಿರ್ಣಯವಾದುದು 2025ರಲ್ಲಿ. ಕ್ಲೋಸ್‌ಪೇಟೆಯು ರಾಮನಗರವಾಯಿತು, ಕಾನಕಾನಹಳ್ಳಿಯು ಕನಕಪುರವಾಯಿತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಶಾಸನಗಳ ಕ್ರಮಸಂಖ್ಯೆಗಳೂ ಬದಲಾದುವು.

ಹೆಸರಿಗಿಂತಲೂ ಕಷ್ಟವಾದುದು ಅಕ್ಷರ. ನಾನು ಕಂಡುದನ್ನೇ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿಯು ಗಂಗರ ಕಾಲದ ಶಾಸನಗಳಲ್ಲಿ ಕೆರೆಯ ಪ್ರಸ್ತಾಪವು ಅತಿ ವಿರಳವೆಂದೂ ಆದುದರಿಂದ ಕೆರೆಗಳ ನಿರ್ಮಾಣವು ಈಚೆಗೆ ಹೆಚ್ಚಿತೆಂದೂ ಬರೆದು ತಂದನು. ಅಂಕಿಗಳ ಪಟ್ಟಿ ಅಚ್ಚುಕಟ್ಟಾಗಿತ್ತು, ನಾನೂ ತಲೆದೂಗಿದೆನು. ಎರಡು ದಿನಗಳಾದ ಮೇಲೆ ಬೇರೆ ಕೆಲಸಕ್ಕಾಗಿ ಸಂಪುಟವೊಂದನ್ನು ತೆರೆದಾಗ ತಪ್ಪು ಕಣ್ಣಿಗೆ ಬಿತ್ತು. ಹುಡುಗನು ಹುಡುಕಿದುದು ‘ಕೆರೆ’ ಎಂಬ ಮಾತನ್ನು, ಶಾಸನದಲ್ಲಿದ್ದುದು ‘ಕೆಱೆ’. ಹಳಗನ್ನಡ ವ್ಯಾಕರಣವನ್ನು ಪಾಠ ಹೇಳುವ ನನಗೆ ಶಕಟರೇಫದ ನೆನಪು ಆಗ ಏಕೆ ಬರಲಿಲ್ಲವೋ! ಪಟ್ಟಿಯ ಚೆಲುವು ಕಣ್ಣು ಕಟ್ಟಿತೆಂದೇ ಹೇಳಬೇಕು. ಇದೇ ಬಗೆಯಲ್ಲಿ ‘ಹಳ್ಳಿ’ಯನ್ನು ಹುಡುಕಿದವನಿಗೆ ‘ಪಳ್ಳಿ’ಯು ಸಿಕ್ಕುವುದಿಲ್ಲ, ‘ಹೊಳಲ’ನ್ನು ಹುಡುಕಿದವನಿಗೆ ‘ಪೊೞಲ್’ ಸಿಕ್ಕುವುದಿಲ್ಲ.

ಇಲ್ಲಿ ಇನ್ನೊಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ನಮ್ಮ ೞಕಾರಕ್ಕೆ ಸ್ಥಾನವಿದೆ, ಸಂತೋಷ. ಆದರೆ ಅದರ ಹೆಸರನ್ನು ‘ಫ’ ಎಂದು ತಪ್ಪಾಗಿ ನಮೂದಿಸಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದಿದೆ. ಪಕ್ಕದಲ್ಲಿ ಸರಿಯಾದ ಉಪನಾಮವೊಂದನ್ನು ಇಟ್ಟಿದ್ದಾರೆ. ಕೇಶಿರಾಜನು ಕೇಳಿದ್ದರೆ ಏನೆನ್ನುತ್ತಿದ್ದನೋ ತಿಳಿಯದು. ಯೂನಿಕೋಡಿಗೆ ಸೇರದ ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠಗಳಂತೂ ಪರಿವರ್ತನೆಯಾಗುವವರೆಗೆ ಹುಡುಕುವವನ ಪಾಲಿಗೆ ಇದ್ದೂ ಇಲ್ಲದಂತೆಯೇ.

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ಉಪಕರಣಗಳನ್ನು ನಾನು ಅಲ್ಲಗಳೆಯುವೆನೆಂದು ವಾಚಕರು ತಿಳಿಯಬಾರದು. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿಟ್ಟಯ್ಯನ ವೀರಗಲ್ಲನ್ನು ನೋಡಿರಿ. ಗಂಗ ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು 750ರಲ್ಲಿ, ಹುಟ್ಟಿದ ಈ ಶಾಸನವು ಪೆರ್ಬೊೞಲ್ನಾಡನ್ನು ಹೆಸರಿಸುತ್ತದೆ. ಪೆರ್ಬೊೞಲೇ ಇಂದಿನ ಹೆಬ್ಬಾಳ. ಇದನ್ನು ಮೂರು ಆಯಾಮಗಳ ಸ್ಕ್ಯಾನರಿನಿಂದ ದಾಖಲೆಮಾಡಿದರು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಸುತ್ತಣ ಸೀಮೆಯ ಶಾಸನಗಳನ್ನೆಲ್ಲ ಇದೇ ಕ್ರಮದಲ್ಲಿ ದಾಖಲಿಸಲು ತೊಡಗಿದರು. ಶಾಸನಗಳ ಬಿಡಿ ಅಕ್ಷರಗಳ ಚಿತ್ರಗಳನ್ನು ಕೂಡಿಸಿ ‘ಅಕ್ಷರಭಂಡಾರ’ವೆಂಬ ತಂತ್ರಾಂಶವನ್ನೂ ಸಿದ್ಧಪಡಿಸಿದರು. ಕಾಗದವನ್ನು ನೆನಸಿ ಕಲ್ಲಿಗೆ ಹೊಡೆದು ಮಸಿ ಬಳಿದು ತೆಗೆಯುವ ಅಚ್ಚಿನಲ್ಲಿ ಅಕ್ಷರವು ಬಿಳುಪಾಗಿ ಕಾಣುತ್ತದೆಯೇ ಹೊರತು ಅದರ ಆಳವು ಕಾಣುವುದಿಲ್ಲ. ಸ್ಕ್ಯಾನರು ಆಳವನ್ನು ಅಳೆಯುತ್ತದೆ. ಕೋಣೆಯಲ್ಲಿ ಕುಳಿತು ಬೆಳಕನ್ನು ಬೇಕಾದ ಮಗ್ಗುಲಿನಿಂದ ಬೀಳಿಸಿ ಸವೆದ ಸಾಲನ್ನು ಓದಬಹುದು. ರೈಸ್ ಸಾಹೇಬರು ಕಂಡ ಕಲ್ಲುಗಳಲ್ಲಿ ಹಲವು ರಸ್ತೆಗೂ ಪಾಯಕ್ಕೂ ಬಲಿಯಾಗಿರುವ ಈ ಕಾಲದಲ್ಲಿ ಇದು ಅತ್ಯಂತ ಉಪಕಾರದ ಕೆಲಸ. ಆದರೂ ಗೀರು ಯಾವುದು, ಉಳಿಯ ಗುರುತು ಯಾವುದು ಎಂದು ತೀರ್ಮಾನಿಸಬೇಕಾದವನು ಓದುವವನೇ.

ಸಾಹಿತ್ಯದ ಪಕ್ಕದಲ್ಲಿ ‘ವಚನ ಸಂಚಯ’ವನ್ನು ಸ್ಮರಿಸಬೇಕು. ಸುಮಾರು 20 ಸಾವಿರ ವಚನಗಳಲ್ಲಿ ಒಂದು ಪದವು ಎಲ್ಲೆಲ್ಲಿ ಬಂದಿದೆಯೆಂಬುದನ್ನು ಅದು ಕೂಡಲೇ ತೋರಿಸುತ್ತದೆ. ಪರಿಷತ್ತಿನ ನಿಘಂಟಿಗಾಗಿ ಹಿರಿಯರು ಚೀಟಿಗಳ ಮೇಲೆ ವರ್ಷಗಟ್ಟಲೆ ಮಾಡಿದುದು ಇದೇ ಕೆಲಸವನ್ನೇ. ಒಂದು ಭೇದವುಂಟು: ಚೀಟಿ ಬರೆಯುವ ಪಂಡಿತನು ಬರೆಯುವಾಗಲೇ ‘ಕೆಱೆ’ಯನ್ನು ‘ಕೆರೆ’ಯ ಗುಂಪಿಗೆ ಹಾಕುತ್ತಿದ್ದನು. ಆ ವಿವೇಕವನ್ನು ಇಂದು ನಾವು ಯಂತ್ರಕ್ಕೆ ಮುಂಚಿತವಾಗಿ ಬರೆದುಕೊಡಬೇಕು.

ಆದ್ದರಿಂದ ನಮ್ಮ ಎಂ. ಎ. ತರಗತಿಗಳಲ್ಲಿ ತಂತ್ರಾಂಶದ ಗುಂಡಿಗಳನ್ನು ಒತ್ತುವುದನ್ನು ಕಲಿಸುವ ಮೊದಲು ರೂಪಾಂತರಗಳ ಪಟ್ಟಿಯನ್ನು ಮಾಡುವುದನ್ನು ಕಲಿಸುವುದು ಮೇಲೆಂದು ನನ್ನ ಅಭಿಪ್ರಾಯ. ‘ಈ ಮಾತು ಇಲ್ಲ’ ಎಂದು ಪ್ರಬಂಧದಲ್ಲಿ ಬರೆಯುವವನು ಯಾವ ಯಾವ ರೂಪಗಳನ್ನು, ಯಾವ ಮುದ್ರಣದ ಯಾವ ಭಾಗದಲ್ಲಿ, ಯಾವ ದಿನ ಹುಡುಕಿದೆನೆಂದು ತಿಳಿಸಬೇಕು. ಮಾಗಡಿ ತಾಲ್ಲೂಕಿನ ಮಟ್ಟಿಗೆ ನಾನೂ ಇಬ್ಬರು ವಿದ್ಯಾರ್ಥಿಗಳೂ ಕೂಡಿ ಇಂಥದೊಂದು ಕೋಷ್ಟಕವನ್ನು ಆರಂಭಿಸಿದ್ದೇವೆ: ಊರಿನ ಇಂದಿನ ಹೆಸರು, ಅದರ ಬರೆಹದ ರೂಪಾಂತರಗಳು, 1905ರ ಸಂಪುಟದ ಸಂಖ್ಯೆಯಿದ್ದರೆ ಅದು, ಆಯಾ ಕಾಲದ ಜಿಲ್ಲೆ, ಕಲ್ಲು ಈಗ ಇರುವ ಸ್ಥಳದ ಅಕ್ಷಾಂಶ ರೇಖಾಂಶಗಳು, ಯಾರು ಎಂದು ಹೋಗಿ ನೋಡಿದರೆಂಬ ಟಿಪ್ಪಣಿ. ಕೊನೆಯ ಅಂಕಣವು ಬಹುಮಟ್ಟಿಗೆ ಖಾಲಿಯಿದೆ. ಅದನ್ನು ಕುಳಿತಲ್ಲಿಂದ ತುಂಬುವಂತಿಲ್ಲ. ಗುಡೇಮಾರನಹಳ್ಳಿಯ ಸಾಲಿನಲ್ಲಿ ಸದ್ಯಕ್ಕೆ ಹೆಸರಿನ ಐದು ರೂಪಗಳು ಸೇರಿವೆ.