ಕ್ಯಾನ್ಸರ್ ಮತ್ತು ಧೈರ್ಯದ ಒತ್ತಾಯ

ಕ್ಯಾನ್ಸರ್ ರೋಗಿಯ ಭಯ, ಸಿಟ್ಟು, ದುಃಖಗಳನ್ನು ದೌರ್ಬಲ್ಯವೆಂದು ಎಣಿಸಿ, ಸದಾ ಉಲ್ಲಾಸದಿಂದಿರಬೇಕೆಂದು ಸುತ್ತಲಿನವರು ಒತ್ತಾಯಿಸುವ ವರ್ತನೆ. ಅಮೆರಿಕದ ಮನೋವೈದ್ಯೆ ಜಿಮ್ಮಿ ಹಾಲೆಂಡ್ (1928–2017) ಇದನ್ನು ಸಕಾರಾತ್ಮಕ ಚಿಂತನೆಯ ದಬ್ಬಾಳಿಕೆ ಎಂದರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಆಡುಮಾತಿನಲ್ಲಿ ಅದು ‘ಗಟ್ಟಿ ಇರು, ಏನೂ ಆಗೂದಿಲ್ಲ’ ಎಂಬ ರೂಪ ತಾಳುತ್ತದೆ. ಹೇಳುವವರಲ್ಲಿ ಪ್ರೀತಿಯೇ ಇರುತ್ತದೆ. ಆದರೆ ರೋಗಿಯ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಚಿಕಿತ್ಸೆಗಾಗಿ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹುಬ್ಬಳ್ಳಿ, ಸೊಲ್ಲಾಪುರಗಳಿಗೋ ಹೋದಾಗ ಜತೆಗೆ ಬಂದವರ ಕೂಲಿಯೂ ತಪ್ಪುತ್ತದೆ. ತಾನು ಮನೆಗೆ ಭಾರವಾದೆನೆಂಬ ಅಳುಕಿನಿಂದ ರೋಗಿ ಸಂಕಟ ನುಂಗಿಕೊಳ್ಳುವುದುಂಟು. ಮನೆಯವರು ರೋಗದ ಹೆಸರನ್ನೇ ಮುಚ್ಚಿಡುವುದೂ ಉಂಟು.

ಮನಸ್ಸು ಗಟ್ಟಿಯಿದ್ದರೆ ಗಡ್ಡೆ ಕರಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾವನಾತ್ಮಕ ಸ್ಥಿತಿಗೂ ಬದುಕುಳಿಯುವ ಅವಧಿಗೂ ಸಂಬಂಧ ಕಾಣಲಿಲ್ಲ. ಅತ್ತರೆ ರೋಗ ಉಲ್ಬಣಿಸದು. ಎರಡು ವಾರ ದಾಟಿದ ನಿದ್ರಾಹೀನತೆ, ನಿರಾಸಕ್ತಿ ಮಾತ್ರ ಖಿನ್ನತೆಯ ಲಕ್ಷಣಗಳಾಗಿರಬಹುದು. ಅದಕ್ಕೆ ಬೇಕಾದದ್ದು ಚಿಕಿತ್ಸೆ, ಉಪದೇಶವಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ.