ಬಿಚ್ಚದ ಬೋಲ್ಟಿನ ಹಿಸ್ಟರಿ

🔩 ಭಾಗ 1/7

8ನೇ ಕ್ಲಾಸಲ್ಲಿ ಸರ್ಕಾರದಿಂದ ಸೈಕಲ್ ಸಿಕ್ಕಿದವರೆಲ್ಲ ಇಲ್ಲಿ ಕೇಳಿ. 2006-07ರಲ್ಲಿ ಶುರುವಾದ ಯೋಜನೆ ಅದು. ಆ ಸೈಕಲ್ ಇನ್ನೂ ಮನೇಲಿದ್ರೆ ಹೋಗಿ ಸೀಟು ಎತ್ತರಿಸೋಕೆ ಟ್ರೈ ಮಾಡಿ. ನೀವು ಅರ್ಧ ಅಡಿ ಬೆಳೆದಿರ್ತೀರ, ಸೀಟು ಮಾತ್ರ ಅಲ್ಲೇ ಕೂತಿರುತ್ತೆ. ನಟ್ಟು ಬಿಚ್ಚಿದ್ರೂ ಪೈಪು ಮೇಲೆ ಬರಲ್ಲ. ಮೆಕ್ಯಾನಿಕ್ ಭಾಷೇಲಿ ಹೇಳೋದಾದ್ರೆ, ‘ಸೀಜ್ ಆಗಿದೆ’.

ನಮ್ಮ ಹಳೇಬೀಡಿನ ದೇವಸ್ಥಾನದ ಹತ್ರ ನಿಲ್ಲೋ ಕಾರುಗಳನ್ನ ನೋಡಿದ್ದೀರಲ್ಲ? ಕೆಲವದರ ಹಿಂದೆ ರ‍್ಯಾಕ್ ಹಾಕಿ ಎರಡು ಮೂರು ಸೈಕಲ್ ಕಟ್ಟಿರ್ತಾರೆ. ಆ ರ‍್ಯಾಕಿಗೂ ಇದೇ ಕಾಯಿಲೆ. ಕಬ್ಬಿಣದ ಬೋಲ್ಟು, ಅಲ್ಯೂಮಿನಿಯಂ ತೋಳು, ಸ್ಟೀಲ್ ಪಿನ್ನು, ಸಣ್ಣದೊಂದು ಬೀಗ, ಎಲ್ಲವೂ ಕಾರಿನ ಹಿಂದೆ ಮಳೆ, ಧೂಳು, ಕೆಸರಿಗೆ ಮೈಯೊಡ್ಡಿ ನಿಂತಿರುತ್ತೆ. ವರ್ಷಕ್ಕೆ ನಾಲ್ಕು ಸಲ ಬಳಸೋ ವಸ್ತು. ತುಕ್ಕಿಗೆ ಮಾತ್ರ ರಜೆ ಇಲ್ಲ, 365 ದಿನವೂ ಡ್ಯೂಟಿ.

‘ಬಿಚ್ಚದಿದ್ರೆ ಒಳ್ಳೇದೇ ಅಲ್ವಾ, ಬೀಳಲ್ವಲ್ಲ’ ಅಂತೀರಾ? ಅಲ್ಲೇ ಇರೋದು ಅಪಾಯ. ತುಕ್ಕು ಹಿಡಿದ ಬೋಲ್ಟನ್ನ ತಿರುಗಿಸೋವಾಗ ನಿಮ್ಮ ಶಕ್ತಿಯೆಲ್ಲ ಆ ತುಕ್ಕಿನ ಜೊತೆ ಉಜ್ಜಾಡೋದಕ್ಕೇ ಖರ್ಚಾಗುತ್ತೆ. ಕೈಗೆ ಟೈಟ್ ಅನ್ಸುತ್ತೆ, ಆದ್ರೆ ರ‍್ಯಾಕಿಗೆ ಬೇಕಾದ ಹಿಡಿತ ಸಿಕ್ಕಿರಲ್ಲ. ಅಂಥ ಕಾರು ಶಿರಾಡಿ ಘಾಟಿಯ ತಿರುವಲ್ಲಿ ಇಳೀತಿದೆ, ಹಿಂದೆ ಯಾರೋ ಬೈಕಲ್ಲಿ ಬರ್ತಿದ್ದಾರೆ ಅಂತ ಒಂದ್ಸಲ ಯೋಚನೆ ಮಾಡಿ.

ಈ ಸಮಸ್ಯೆಗೆ ದೊಡ್ಡ ಹಿಸ್ಟರಿನೇ ಇದೆ. ಮುಂದೆ ಓದಿ 👇

🛞 ಭಾಗ 2/7: ಕೀಲೆಣ್ಣೆ

ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮೇಲೆ ಮಹಾಭಾರತದ ಯುದ್ಧದ ಸಾಲು ಇದೆಯಲ್ಲ, ಅದರಲ್ಲಿ ರಥಗಳನ್ನ ಹುಡುಕಿ. 12ನೇ ಶತಮಾನದ ಶಿಲ್ಪಿಗಳಿಗೆ ಚಕ್ರ, ಅಚ್ಚು ಹೊಸ ವಿಷಯ ಆಗಿರಲಿಲ್ಲ. ಚಕ್ರ ಇದ್ದಲ್ಲಿ ಎಣ್ಣೆ ಬೇಕೇ ಬೇಕು.

ನಮ್ಮ ಅಜ್ಜಂದಿರ ಎತ್ತಿನ ಗಾಡಿಗೆ ಇದ್ದದ್ದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡ್ತಿದ್ದರು. ಕಡಾಣಿ ತೆಗೆದು, ಚಕ್ರ ಸ್ವಲ್ಪ ಹೊರಗೆ ಎಳೆದು, ಅಚ್ಚಿಗೆ ಬಳಿದು ಮತ್ತೆ ಕೂರಿಸೋದು. ಹರಳೆಣ್ಣೆ ಮಂದ, ಬೇಗ ಹರಿದು ಹೋಗಲ್ಲ. ಮಸಿ ಸೇರಿದ್ರೆ ಇನ್ನೂ ಮಂದ ಆಗಿ ಅಚ್ಚಿಗೆ ಅಂಟಿಕೊಳ್ಳುತ್ತೆ. ಇವತ್ತು ಅಂಗಡೀಲಿ ಸಿಗೋ ಕಪ್ಪು ಗ್ರಾಫೈಟ್ ಗ್ರೀಸಿನ ಹಿಂದಿರೋ ಐಡಿಯಾನೂ ಹೆಚ್ಚುಕಮ್ಮಿ ಇದೇ.

ಗಾಡೀಲಿ ಮುಖ್ಯ ತೊಂದರೆ ತುಕ್ಕಲ್ಲ, ಉಜ್ಜಾಟ. ಆದ್ರೂ ಪಾಠ ಒಂದೇ. ಎರಡು ಗಟ್ಟಿ ವಸ್ತು ನೇರವಾಗಿ ಮುಟ್ಟಬಾರದು, ಮಧ್ಯೆ ಏನಾದ್ರೂ ಒಂದು ಇರಬೇಕು. ಇಡೀ ಸೀರೀಸಲ್ಲಿ ಇದೊಂದು ನೆನಪಿಟ್ಕೊಳ್ಳಿ, ಸಾಕು.

🚢 ಭಾಗ 3/7: ಮೊಳೆ ಕೆಳಗಿನ ಕಾಗದ

ಈಗ ಗಾಡಿ ಬಿಟ್ಟು ಹಡಗಿಗೆ ಬನ್ನಿ. ಎರಡು ಬೇರೆ ಬೇರೆ ಲೋಹ ಸೇರಿದ್ರೆ ಏನಾಗುತ್ತೆ ಅಂತ ಜಗತ್ತು ದುಡ್ಡು ಕೊಟ್ಟು ಕಲಿತಿದ್ದು ಸಮುದ್ರದಲ್ಲಿ.

1761. ಬ್ರಿಟಿಷ್ ನೌಕಾಪಡೆ ಅಲಾರ್ಮ್ ಅನ್ನೋ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೀತು. ಮರ ಕೊರೆಯೋ ಸಮುದ್ರದ ಹುಳದಿಂದ ಹಡಗು ಉಳಿಸೋ ಪ್ಲಾನು. ತಗಡಿಗೆ ಹೊಡೆದದ್ದು ಕಬ್ಬಿಣದ ಮೊಳೆ. ಹಡಗು ವೆಸ್ಟ್ ಇಂಡೀಸ್ ಕಡೆ ಹೋಗಿ ಬಂತು. 1763ರಲ್ಲಿ ಪರೀಕ್ಷೆ ಮಾಡಿದ್ರೆ, ತಗಡು ಎಷ್ಟೋ ಕಡೆ ಕಿತ್ತು ಹೋಗಿತ್ತು. ತಾಮ್ರ ಚೆನ್ನಾಗೇ ಇತ್ತು, ಮೊಳೆಗಳು ಕರಗಿ ಹೋಗಿದ್ವು.

ಆದ್ರೆ ಕೆಲವು ಮೊಳೆ ಮಾತ್ರ ಗಟ್ಟಿಯಾಗಿದ್ವು! ನೋಡಿದ್ರೆ, ತಗಡಿನ ಜೊತೆ ಬಂದಿದ್ದ ಕಂದು ಕಾಗದ ಆ ಮೊಳೆಗಳ ತಲೆ ಕೆಳಗೆ ಸಿಕ್ಕಿಕೊಂಡಿತ್ತು. ತಾಮ್ರ ಕಬ್ಬಿಣವನ್ನ ಮುಟ್ಟದ ಕಡೆ ಕಬ್ಬಿಣ ಉಳಿದಿತ್ತು.

ಎರಡು ಬೇರೆ ಲೋಹ, ಮಧ್ಯೆ ಉಪ್ಪುನೀರು. ಅಲ್ಲಿಗೆ ಒಂದು ಬ್ಯಾಟರಿ ರೆಡಿ. ಅದರಲ್ಲಿ ಒಂದು ಲೋಹ ಸವೆಯುತ್ತೆ. ರ‍್ಯಾಕಿನ ಅಲ್ಯೂಮಿನಿಯಂ ತೋಳಿಗೆ ಸ್ಟೀಲ್ ಬೋಲ್ಟು ಹಾಕಿದ್ರೂ ಇದೇ ಕಥೆ, ಸವೆಯೋದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣ್ತಿದ್ರೆ ಅದೇ ಇದು. ಆ ಪುಡಿ ತ್ರೆಡ್ ತುಂಬಾ ತುಂಬಿಕೊಂಡು ಬೋಲ್ಟನ್ನ ಕಚ್ಚಿ ಹಿಡಿಯುತ್ತೆ. ‘ಸ್ಟೇನ್‌ಲೆಸ್ ಬೋಲ್ಟು ಹಾಕಿದ್ರೆ ಆಯ್ತಲ್ಲ’ ಅಂದ್ರೆ, ಬೋಲ್ಟು ಹೊಳೀತಾ ಇರುತ್ತೆ, ಅಲ್ಯೂಮಿನಿಯಂ ಸವೀತಾನೇ ಇರುತ್ತೆ.

🏠 ಭಾಗ 4/7: ‘ಜಿಐ’ ಅಂದ್ರೆ ಏನು?

ಸವೆಯೋದೇ ಗ್ಯಾರಂಟಿ ಅಂದ್ರೆ, ಯಾವುದು ಸವೀಬೇಕು ಅಂತ ನಾವೇ ಯಾಕೆ ಆರಿಸಬಾರದು? 1824ರಲ್ಲಿ ಹಂಫ್ರಿ ಡೇವಿ ಅನ್ನೋ ವಿಜ್ಞಾನಿ ಹಡಗಿನ ತಾಮ್ರಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿ ನೋಡಿದ. ತುಂಡು ಸವೀತು, ತಾಮ್ರ ಉಳೀತು. ತಮಾಷೆ ಅಂದ್ರೆ, ತಾಮ್ರ ಕರಗದೇ ಇದ್ದಿದ್ರಿಂದ ಅದರ ವಿಷ ನೀರಿಗೆ ಬಿಡಲಿಲ್ಲ, ಹಡಗಿನ ತಳದಲ್ಲಿ ಚಿಪ್ಪು, ಪಾಚಿ ಬೆಳೆದು ವೇಗ ಕಮ್ಮಿ ಆಯ್ತು!

ನೆಲದ ಮೇಲೆ ಮಾತ್ರ ಐಡಿಯಾ ಗೆದ್ದಿತು. 1837ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್, ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದಿ ತೆಗೆಯೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಅದೇ ಗ್ಯಾಲ್ವನೈಸಿಂಗ್. ನಮ್ಮೂರ ಅಂಗಡೀಲಿ ಕೇಳ್ತೀವಲ್ಲ ಜಿಐ ತಗಡು, ಜಿಐ ಪೈಪು, ಅದು ಗ್ಯಾಲ್ವನೈಸ್ಡ್ ಐರನ್. ಸತು ತಾನು ಸವೆದು ಕಬ್ಬಿಣ ಕಾಯುತ್ತೆ. ರ‍್ಯಾಕಿನ ಬೋಲ್ಟಿನ ಮೇಲಿರೋ ಲೇಪನವೂ ಸಾಮಾನ್ಯವಾಗಿ ಸತುವೇ. ಸ್ಪ್ಯಾನರ್ ಜಾರಿ ಅದು ಕೆರೆದು ಹೋದಲ್ಲಿಂದಲೇ ತುಕ್ಕು ಶುರು.

🏛️ ಭಾಗ 5/7: ಕಲ್ಲನ್ನ ಸೀಳೋ ತುಕ್ಕು

ದೇವಸ್ಥಾನದ ಊರಿನವರು ಇದನ್ನ ಓದಲೇಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತೆ. ನಟ್ಟು ಬೋಲ್ಟು ಮಧ್ಯೆ ಆ ಜಾಗ ಇಲ್ಲ, ಅದಕ್ಕೇ ಜಾಮ್. ಕಲ್ಲಿನೊಳಗೆ ಆದ್ರೆ?

ಗ್ರೀಸಿನ ಅಥೆನ್ಸ್‌ನಲ್ಲಿರೋ ಪಾರ್ಥೆನಾನ್ ದೇವಾಲಯ ಕಟ್ಟಿದವರು ಅಮೃತಶಿಲೆಗಳನ್ನ ಕಬ್ಬಿಣದ ಕೊಂಡಿಯಿಂದ ಜೋಡಿಸಿ, ಸುತ್ತ ಸೀಸ ಕರಗಿಸಿ ಹೊಯ್ದಿದ್ರು. ಮಧ್ಯೆ ಏನಾದ್ರೂ ಇರಬೇಕು ಅಂತ ಕ್ರಿಸ್ತಪೂರ್ವ 5ನೇ ಶತಮಾನದವರಿಗೇ ಗೊತ್ತಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ರಿಪೇರಿ ನಡೆಸಿದ ನಿಕೊಲಾಸ್ ಬಲಾನೋಸ್ ತಂಡ ಸೀಸದ ಆ ರಕ್ಷಣೆ ಇಲ್ಲದೆ ಕಬ್ಬಿಣ ಹಾಕಿತು. ಅದು ತುಕ್ಕಾಗಿ, ಉಬ್ಬಿ, ಕಲ್ಲನ್ನೇ ಸೀಳಿತು. 1975ರಲ್ಲಿ ಸಂರಕ್ಷಣೆಗೆ ಸಮಿತಿ ಬಂತು. ಆಮೇಲಿನ ಕೆಲಸದಲ್ಲಿ ಆ ಕಬ್ಬಿಣ ತೆಗೆದು ಟೈಟೇನಿಯಂ ಹಾಕಿದ್ರು.

2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ನಮ್ಮ ದೇವಸ್ಥಾನವೂ ಯುನೆಸ್ಕೋ ಪಟ್ಟಿಗೆ ಬಂತು. ಹಳೇ ಕಲ್ಲಿಗೆ ಯಾರಾದ್ರೂ ‘ಒಂದು ಮೊಳೆ ತಾನೆ’ ಅಂದ್ರೆ ಅಥೆನ್ಸಿನ ಕಥೆ ಹೇಳಿ.

🚀 ಭಾಗ 6/7: ಹಿಡ್ಕೊಂಡಿದ್ದನ್ನ ಬಿಡಿಸೋದು

1953, ಅಮೆರಿಕದ ಸ್ಯಾನ್ ಡಿಯಾಗೊ. ರಾಕೆಟ್ ಕೆಮಿಕಲ್ ಕಂಪನಿ ಅನ್ನೋ ಸಣ್ಣ ಕಂಪನಿ ಲೋಹದ ಮೇಲಿನ ನೀರನ್ನ ಓಡಿಸೋ ದ್ರವ ಹುಡುಕ್ತಿತ್ತು. 40ನೇ ಪ್ರಯತ್ನಕ್ಕೆ ಸಿಕ್ತು. ಡಬ್ಲ್ಯೂಡಿ-40 ಹೆಸರಿನ ಅರ್ಥವೇ ಅದು: ವಾಟರ್ ಡಿಸ್‌ಪ್ಲೇಸ್‌ಮೆಂಟ್, 40ನೇ ಫಾರ್ಮುಲಾ. ಮೊದಲ ಬಳಕೆ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ. ಆಮೇಲೆ ಮನೆ ಮನೆಗೆ ಬಂತು.

ನೀವು ಮಾಡಬೇಕಾದ್ದು:

1️⃣ ತಂತಿ ಬ್ರಷ್‌ನಿಂದ ತುಕ್ಕು, ಮಣ್ಣು ಉಜ್ಜಿ ತೆಗೀರಿ.
2️⃣ ತ್ರೆಡ್ ಒಳಗೆ ಇಳಿಯೋ ಎಣ್ಣೆ ಸ್ಪ್ರೇ ಮಾಡಿ ರಾತ್ರಿಯಿಡೀ ಬಿಡಿ. ಅವಸರ ಬೇಡ, ಅರ್ಧ ಕೆಲಸ ಮಾಡೋದು ಟೈಮೇ.
3️⃣ ಬೋಲ್ಟಿನ ತಲೆ ಮೇಲೆ ಸುತ್ತಿಗೆಯಿಂದ ಹಗುರಾಗಿ ತಟ್ಟಿ. ತುಕ್ಕು ಬಿರಿದು ಎಣ್ಣೆಗೆ ದಾರಿ ಆಗುತ್ತೆ.
4️⃣ ಸರಿಯಾದ ಸೈಜಿನ ಸ್ಪ್ಯಾನರ್ ಹಾಕಿ. ಮೊದಲು ಕೂದಲೆಳೆಯಷ್ಟು ಟೈಟ್ ಮಾಡಿ, ಆಮೇಲೆ ಲೂಸ್. ಹಿಂದೆ ಮುಂದೆ ಆಡಿಸಿ.
5️⃣ ಆಗಲೂ ಬರದಿದ್ರೆ ಬಿಸಿ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ. ಆದ್ರೆ ಆ ಸ್ಪ್ರೇ ಬೆಂಕಿ ಹಿಡಿಯೋ ವಸ್ತು! ರ‍್ಯಾಕ್ ಕಾರಿನ ಮೇಲಿರುವಾಗ ಬೆಂಕಿ ಬೇಡವೇ ಬೇಡ. ಬಿಚ್ಚಿ ತರೋಕೆ ಆಗದಿದ್ರೆ ವರ್ಕ್‌ಶಾಪಿಗೆ ಹೋಗಿ.

ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ನೇತಾಡಬೇಡಿ. ಬೋಲ್ಟು ಒಳಗೇ ಮುರಿದ್ರೆ ಡ್ರಿಲ್ ಮಾಡಿ ತೆಗೀಬೇಕು. ಹೊಸ ಬೋಲ್ಟು ಹಾಕೋವಾಗ ಅದೇ ಅಳತೆ, ಅದೇ ಗ್ರೇಡ್ ಕೇಳಿ ತಗೊಳ್ಳಿ.

🌧️ ಭಾಗ 7/7: ಹಿಡಿಯದಂತೆ ನೋಡ್ಕೊಳ್ಳೋದು

ಬಿಕಾಂ ಫ್ರೆಂಡ್ಸ್, ಡಿಪ್ರಿಸಿಯೇಷನ್‌ಗೆ ಕಾರಣಗಳು ಬರೀರಿ ಅಂದ್ರೆ ಏನು ಬರೀತೀವಿ? ಬಳಕೆ, ಆಮೇಲೆ ಕಾಲ ಕಳೆಯೋದು. ಸುಮ್ನೆ ನಿಂತಿದ್ರೂ ಬೆಲೆ ಇಳಿಯುತ್ತೆ. ರ‍್ಯಾಕ್ ಅದಕ್ಕೆ ಪಕ್ಕಾ ಉದಾಹರಣೆ. ಒಂದು ಡಬ್ಬಿ ಗ್ರೀಸಿನ ಖರ್ಚು, ಹೊಸ ರ‍್ಯಾಕಿನ ಖರ್ಚು, ಎರಡನ್ನೂ ಪಕ್ಕ ಪಕ್ಕ ಬರೆದು ನೋಡಿ.

✅ ಜೂನ್ ಮಳೆಗೆ ಮುಂಚೆ ಒಂದ್ಸಲ, ಮಳೆ ಮುಗಿದ ಮೇಲೆ ಒಂದ್ಸಲ ಎಲ್ಲ ಬೋಲ್ಟು, ಪಿನ್ನು ಬಿಚ್ಚಿ, ಒರೆಸಿ, ತ್ರೆಡ್ಡಿಗೆ ಗ್ರೀಸ್ ಅಥವಾ ಆಂಟಿ-ಸೀಜ್ ಹಚ್ಚಿ. ಡಬ್ಲ್ಯೂಡಿ-40 ಗ್ರೀಸಿಗೆ ಬದಲಿ ಅಲ್ಲ, ತೆಳು ಪದರ ಬೇಗ ಹೋಗುತ್ತೆ.
✅ ಗ್ರೀಸ್ ಹಚ್ಚಿದ ಬೋಲ್ಟು ಸುಲಭವಾಗಿ ತಿರುಗುತ್ತೆ, ಮೊದಲಿನಷ್ಟೇ ಬಲ ಹಾಕಿದ್ರೆ ಓವರ್ ಟೈಟ್ ಆಗುತ್ತೆ. ಮ್ಯಾನ್ಯುಯಲ್ ಏನು ಹೇಳುತ್ತೆ ನೋಡಿ.
✅ ಸೈಕಲ್ ಹಿಡಿಯೋ ರಬ್ಬರ್, ಬೆಲ್ಟಿಗೆ ಗ್ರೀಸ್ ತಾಗಬಾರದು, ಜಾರುತ್ತೆ. ಬೀಗಕ್ಕೆ ಗ್ರಾಫೈಟ್ ಪುಡಿ.
✅ ಮಂಗಳೂರು, ಮಲ್ಪೆ ಕಡೆ ಹೋಗಿ ಬಂದ್ರೆ ಮನೆಗೆ ಬಂದ ದಿನವೇ ಸಿಹಿನೀರಲ್ಲಿ ತೊಳೆದು ಒರೆಸಿ. ಉಪ್ಪು ಅಲಾರ್ಮ್ ಹಡಗಿಗೆ ಏನು ಮಾಡ್ತು ಗೊತ್ತಲ್ಲ.
✅ ಕೆಲಸ ಮುಗಿದ ಮೇಲೆ ರ‍್ಯಾಕ್ ಬಿಚ್ಚಿ ಒಳಗಿಡಿ.

ಕಾರೇ ಇಲ್ಲದವರು ಸೈಕಲ್ ಸೀಟಿನ ಪೈಪಿಗೆ, ಬೈಕಿನ ಸ್ಟ್ಯಾಂಡಿಗೆ, ಮನೆ ಗೇಟಿನ ಚಿಲಕಕ್ಕೆ ಇದನ್ನೇ ಮಾಡಿ. ನಿಮ್ಮ ಮನೇಲಿ ಕೀಲೆಣ್ಣೆ ಕಲಸಿದ ಅಜ್ಜ ಅಜ್ಜಿ ಇದ್ರೆ ಹೇಗೆ ಮಾಡ್ತಿದ್ರು ಅಂತ ಕೇಳಿ ಕಾಮೆಂಟಲ್ಲಿ ಬರೀರಿ. ಒಂದೊಂದು ಊರಲ್ಲಿ ಒಂದೊಂದು ಅಳತೆ ಇರಬಹುದು, ಎಲ್ಲ ಸೇರಿಸಿ ಒಂದು ಪೋಸ್ಟ್ ಮಾಡೋಣ. ಜೂನ್ ಬರೋದ್ರೊಳಗೆ ಸೇವ್ ಮಾಡ್ಕೊಳ್ಳಿ 🙏

#ಹಳೇಬೀಡು #ತುಕ್ಕಿನಕಥೆ #ಕೀಲೆಣ್ಣೆ