ಕಾವಿ ತೊಟ್ಟ ಪಾದ್ರಿಗಳು

ನಮ್ಮ ಕೊಳ್ಳೇಗಾಲದಿಂದ ಕಾವೇರಿ ಗುಂಟ ಮೇಲಕ್ಕೆ ಹೋದ್ರೆ ಶ್ರೀರಂಗಪಟ್ಟಣ. ಕಂಠೀರವ ನರಸರಾಜ ಒಡೆಯರ ಕಾಲ, 1640ರ ದಶಕದ ಕೊನೆ. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಅಲ್ಲಿಗೆ ಬಂದರು. ಸನ್ಯಾಸಿ ಥರ ಕಾವಿ ತೊಟ್ಟರು, ಕನ್ನಡ ಕಲಿತು ವ್ಯಾಕರಣವನ್ನೂ ಬರೆದರು. ಈ ಸೀಮೆಯಲ್ಲಿ ಗುರು ಅಂದ್ರೆ ಎಲ್ಲಾ ಬಿಟ್ಟವನು ಅನ್ನೋದು ಅವರಿಗೆ ಅರ್ಥವಾಗಿತ್ತು.

ಈ ದಾರಿ ಹಾಕಿದ್ದು ಮಧುರೆಯ ರಾಬರ್ಟೊ ಡಿ ನೊಬಿಲಿ. ಆದ್ರೆ ನೋಡಿ, ಊರಿನ ರೀತಿ ನೀತಿ ಒಪ್ಪಿಕೊಂಡಾಗ ಅದರ ಜೊತೆ ಜಾತಿಯೂ ಒಳಗೆ ಬಂತು. ಮಧುರೆಯಲ್ಲಿ ಮೇಲ್ಜಾತಿಗೆ ಒಬ್ಬ ಗುರು, ಕೆಳಜಾತಿಗೆ ಇನ್ನೊಬ್ಬ. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಹಲವು ದೇಸಿ ಆಚರಣೆ ನಿಲ್ಲಿಸಿದರು. 'ಅಸ್ಪೃಶ್ಯ'ರಿಗೆ ಬೇರೆ ಪಾದ್ರಿ ಅನ್ನೋ ಏರ್ಪಾಟಿಗೆ ಮಾತ್ರ ಒಪ್ಪಿಗೆ ಸಿಕ್ತು!

ಹಳೇ ಚರ್ಚುಗಳಲ್ಲಿ ಯಾರು ಎಲ್ಲಿ ಕೂರ್ತಿದ್ರು? ಮನೆ ಹಿರಿಯರನ್ನ ಕೇಳಿ, ಕಾಮೆಂಟಲ್ಲಿ ಬರೀರಿ.